ಕ್ಲೌಡೋ, ಹಾರ್ಡ್ ಡಿಸ್ಕೋ? ಮನೆಯ ಫೈಲುಗಳನ್ನು ಎಲ್ಲಿಡಬೇಕು, ಹೇಗೆ ಕಾಪಾಡಬೇಕು

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಪ್ರಶ್ನೆ ಕಿವಿಗೆ ಬೀಳುತ್ತದೆ: "ಒಂದು ಟಿಬಿ ಹಾರ್ಡ್ ಡಿಸ್ಕ್ ತಗೊಂಡುಬಿಡಲಾ, ಇಲ್ಲ ಗೂಗಲ್‌ಗೇ ತಿಂಗಳು ತಿಂಗಳು ದುಡ್ಡು ಕಟ್ಟಲಾ?" ಆಮೇಲೆ ದರದ ಮಾತು, ಜಾಗದ ಮಾತು, ವೇಗದ ಮಾತು ಎಲ್ಲ ಆಗುತ್ತದೆ. ಅದರಲ್ಲಿ ಇಡುವ ಫೈಲು ಯಾವುದು ಎಂಬ ಮಾತು ಮಾತ್ರ ಬರುವುದೇ ಇಲ್ಲ.

ನನ್ನ ಪ್ರಕಾರ ಅದನ್ನೇ ಮೊದಲು ಕೇಳಿಕೊಳ್ಳಬೇಕು. ಫೈಲಿಗೆ ಎರಡು ಬಗೆಯ ಕೇಡು ಬರಬಹುದು. ಒಂದು, ಅದು ನಮ್ಮ ಕೈಗೆ ಮತ್ತೆ ಸಿಗದೇ ಹೋಗುವುದು. ಇನ್ನೊಂದು, ಬೇರೆಯವರ ಕೈಗೆ ಸಿಕ್ಕಿಬಿಡುವುದು. ಮಗು ಮೊದಲ ಹೆಜ್ಜೆ ಇಟ್ಟ ವಿಡಿಯೊವನ್ನು ಯಾರೋ ನೋಡಿದರೆ ಕಸಿವಿಸಿಯಾದೀತು, ಆದರೆ ಅದು ಕಳೆದುಹೋದರೆ ಎಷ್ಟು ದುಡ್ಡು ಕೊಟ್ಟರೂ ಮರಳಿ ಬಾರದು. ಆಧಾರ್ ಪಿಡಿಎಫ್ ಕಳೆದರೆ ಐದು ನಿಮಿಷದಲ್ಲಿ ಮತ್ತೆ ಇಳಿಸಿಕೊಳ್ಳಬಹುದು, ಬೇರೆಯವರಿಗೆ ಸಿಕ್ಕರೆ ವರ್ಷಗಟ್ಟಲೆ ತಲೆನೋವು. ಕ್ರಯಪತ್ರದ ಸ್ಕ್ಯಾನಿಗೆ ಎರಡೂ ಭಯ ಇದೆ. ಕ್ಲೌಡ್, ಅಂದರೆ ಇಂಟರ್ನೆಟ್ಟಿನ ಮೂಲಕ ಕಂಪನಿಯೊಂದರ ಕಂಪ್ಯೂಟರಿನಲ್ಲಿ ಫೈಲು ಇಡುವ ಸೇವೆ, ಮುಖ್ಯವಾಗಿ ಮೊದಲನೆಯ ಕೇಡಿನಿಂದ ಕಾಯುತ್ತದೆ, ಪಾಸ್‌ವರ್ಡಿನ ಬೀಗ ಹಾಕಿಟ್ಟ ಡ್ರೈವ್ (ಹಾರ್ಡ್ ಡಿಸ್ಕಿನಂಥ ಸಾಧನ) ಎರಡನೆಯದರಿಂದ. ಆದ್ದರಿಂದ ನಿಮ್ಮ ಫೈಲುಗಳನ್ನು ಹೀಗೆ ಮೂರು ಫೋಲ್ಡರುಗಳಾಗಿ ಬೇರೆ ಮಾಡಿಕೊಳ್ಳದೆ ಅಂಗಡಿಗೂ ಹೋಗಬೇಡಿ, ಚಂದಾವನ್ನೂ ಕಟ್ಟಬೇಡಿ.

ಮೊದಲು ಆಫೀಸ್ ಲ್ಯಾಪ್‌ಟಾಪಿನಿಂದ ಹೊರಗೆ ತನ್ನಿ

ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಒಳ್ಳೆಯ ಕಂಪ್ಯೂಟರ್ ಎಂದರೆ ಕಂಪನಿ ಕೊಟ್ಟಿದ್ದು. ಹೀಗಾಗಿ ಬಾಡಿಗೆ ಕರಾರು, ಅಪ್ಪನ ಸ್ಕ್ಯಾನಿಂಗ್ ರಿಪೋರ್ಟು, ಮದುವೆ ಫೋಟೊ ಎಲ್ಲ ಅದರಲ್ಲೇ ಸೇರಿಕೊಳ್ಳುತ್ತವೆ, ಕಂಪನಿಯ ಒನ್‌ಡ್ರೈವಿಗೆ (ಮೈಕ್ರೋಸಾಫ್ಟ್‌ನ ಕ್ಲೌಡಿಗೆ) ತಾವಾಗಿಯೇ ಏರಿಕೊಳ್ಳುತ್ತವೆ. ಆ ಖಾತೆ ನಿಮ್ಮದಲ್ಲ. ಅದರಲ್ಲಿರುವುದನ್ನು ಕಂಪನಿಯ ಐಟಿ ವಿಭಾಗ ತೆರೆದು ನೋಡಬಲ್ಲದು, ಕೆಲಸ ಹೋದ ದಿನ ಬೆಳಗ್ಗೆಯೇ ಲಾಗಿನ್ ನಿಲ್ಲಬಹುದು. ಅನೇಕ ಕಂಪನಿಗಳಲ್ಲಿ ಯುಎಸ್‌ಬಿ ಪೋರ್ಟ್ ಮುಚ್ಚಿರುತ್ತಾರೆ, ವೈಯಕ್ತಿಕ ಜಿಮೇಲಿಗೆ ಫೈಲು ಕಳಿಸಿದರೆ ಅದೇ ನಿಯಮಭಂಗವಾಗುತ್ತದೆ. ಹಾಗಾಗಿ ಕೊನೆಯ ದಿನ ಅವಸರದಲ್ಲಿ ಕಾಪಿ ಮಾಡಿಕೊಳ್ಳುವೆನೆಂಬ ಲೆಕ್ಕ ಕೈಕೊಡುತ್ತದೆ. ಕ್ಲೌಡ್, ಡ್ರೈವ್ ಎರಡರಲ್ಲಿ ಯಾವುದನ್ನು ಆರಿಸಿದರೂ ಆಫೀಸಿನ ಲ್ಯಾಪ್‌ಟಾಪಿಗಿಂತ ವಾಸಿ. ಇರುವುದನ್ನು ಈ ವಾರವೇ, ಕಂಪನಿಯ ನಿಯಮ ಕೇಳಿಕೊಂಡು, ಹೊರಗೆ ತನ್ನಿ.

ಕ್ಲೌಡ್ ಏನನ್ನು ಕಾಯುತ್ತದೆ

2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದಿದ್ದು ನಿಮಗೆ ನೆನಪಿರಬಹುದು. ಅಂಥ ದಿನ ನೆಲಮಹಡಿಯ ಬೀರುವಿನ ಕೆಳಖಾನೆಯಲ್ಲಿದ್ದ ಮೂಲ ಕಾಗದವೂ ಅದರ ಪಕ್ಕದ ಹಾರ್ಡ್ ಡಿಸ್ಕೂ ಒಟ್ಟಿಗೇ ನೆನೆಯುತ್ತವೆ. ಬಿಎಂಟಿಸಿ ಬಸ್ಸಿನಲ್ಲಿ ಬ್ಯಾಗ್ ಹೋಗುವುದು, ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬದಲಿಸುವಾಗ ಪೆಟ್ಟಿಗೆ ಬೀಳುವುದು, ಪಿಜಿಯಲ್ಲಿ ಲ್ಯಾಪ್‌ಟಾಪ್ ಕಳುವಾಗುವುದು, ಇವೆಲ್ಲಕ್ಕೂ ಮದ್ದು ಒಂದೇ: ಮನೆಯ ಹೊರಗೆ ಇನ್ನೊಂದು ಪ್ರತಿ. ಅದನ್ನು ಕ್ಲೌಡಿನಷ್ಟು ಸಲೀಸಾಗಿ ಬೇರೆ ಯಾವುದೂ ಕೊಡುವುದಿಲ್ಲ.

ಆದರೆ ಕ್ಲೌಡೂ ಯಾರದೋ ಕಟ್ಟಡದಲ್ಲಿರುವ ಕಂಪ್ಯೂಟರೇ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಗಿ, ಬೇರೆ ಕಡೆ ಪ್ರತಿ ಇಟ್ಟಿರದ ಗ್ರಾಹಕರ ದತ್ತಾಂಶ ಮರಳಿ ಸಿಗಲಿಲ್ಲ. 2023ರ ನವೆಂಬರಿನಲ್ಲಿ ಗೂಗಲ್ ಡ್ರೈವಿನ ಡೆಸ್ಕ್‌ಟಾಪ್ ಆ್ಯಪ್ ಬಳಸುತ್ತಿದ್ದ ಕೆಲವರಿಗೆ ತಿಂಗಳುಗಟ್ಟಲೆ ಫೈಲುಗಳು ಕಾಣದಾದವು, ಕಂಪನಿ ಮರುಪಡೆಯುವ ದಾರಿಯನ್ನು ಪ್ರಕಟಿಸಬೇಕಾಯಿತು. ಇಂಥದ್ದು ಅಪರೂಪ. ನಾವು ನೀವು ಫೈಲು ಕಳೆದುಕೊಳ್ಳುವುದು ಹೆಚ್ಚಾಗಿ ಇನ್ನೂ ಸಣ್ಣ ಕಾರಣಕ್ಕೆ, ಸಿಂಕ್ ಎಂದರೇ ಬ್ಯಾಕಪ್ ಎಂದುಕೊಳ್ಳುವುದರಿಂದ. ಸಿಂಕ್ ಎಂದರೆ ಒಂದು ಕಡೆ ಆದದ್ದು ಎಲ್ಲ ಕಡೆಯೂ ಆಗುವುದು. ಫೋನಿನಲ್ಲಿ ಜಾಗ ಸಾಲದೆಂದು ಗೂಗಲ್ ಫೋಟೋಸ್ ಆ್ಯಪಿನಲ್ಲಿ ಒಂದು ಚಿತ್ರ ಅಳಿಸಿದರೆ ಕ್ಲೌಡಿನ ಪ್ರತಿಯೂ ಹೋಗುತ್ತದೆ. ಬ್ಯಾಕಪ್ ಆದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಗೂಗಲ್ ಡ್ರೈವಿನ ಫೈಲು 30 ದಿನ. ಅಷ್ಟರೊಳಗೆ ಗೊತ್ತಾಗದಿದ್ದರೆ ಮುಗಿಯಿತು. ಫೋನಿನ ಜಾಗವಷ್ಟೇ ಖಾಲಿಯಾಗಬೇಕೆಂದರೆ ಅದೇ ಆ್ಯಪಿನಲ್ಲಿ ಜಾಗ ತೆರವು ಮಾಡುವ ಬೇರೆ ಆಯ್ಕೆ ಇದೆ, ಅದನ್ನೇ ಒತ್ತಿ.

ಇನ್ನು ಗುಟ್ಟಿನ ವಿಷಯ. "ನಿಮ್ಮ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದೇವೆ" ಎಂದು, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಬದಲಿಸಿದ್ದೇವೆ ಎಂದು, ಎಲ್ಲ ಕಂಪನಿಗಳೂ ಹೇಳುತ್ತವೆ, ಸುಳ್ಳೇನೂ ಅಲ್ಲ. ಆದರೆ ಬಾಡಿಗೆ ಮನೆಗೆ ನಾವು ಬೀಗ ಹಾಕಿಕೊಂಡು ಹೋದರೂ ಓನರ್ ಹತ್ತಿರ ಇನ್ನೊಂದು ಕೀ ಇರುವ ಹಾಗೆ, ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳ ವೈಯಕ್ತಿಕ ಖಾತೆಗಳಲ್ಲಿ ಕೀಲಿ ಕಂಪನಿಯ ಬಳಿಯೂ ಇರುತ್ತದೆ. ಪಾಸ್‌ವರ್ಡ್ ಮರೆತರೆ ಅವರು ಒಳಗೆ ಬಿಡುವುದು ಅದರಿಂದಲೇ. ನಿಮ್ಮ ಹೆಸರಿನಲ್ಲಿ ಬೇರೆಯವರು ಒಳಗೆ ಹೋಗಬಹುದಾದದ್ದೂ ಅದೇ ಬಾಗಿಲಿನಿಂದ.

ಯಾವ ಕ್ಲೌಡ್

ಉಚಿತವಾಗಿ ಗೂಗಲ್ 15 ಜಿಬಿ ಕೊಡುತ್ತದೆ. ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರವರೆಗೆ ಸ್ವಲ್ಪ ಕುಗ್ಗಿಸಿದ ಫೋಟೊಗಳಿಗೆ ಲೆಕ್ಕವಿರಲಿಲ್ಲ, ಈಗ ಎಲ್ಲಕ್ಕೂ ಲೆಕ್ಕ ಇದೆ. ಆಂಡ್ರಾಯ್ಡಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಇದರಲ್ಲೇ ಜಾಗ ತಿನ್ನುತ್ತದೆ. ಆಪಲ್‌ನ ಐಕ್ಲೌಡ್ 5, ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2, ಮೆಗಾ 20 ಜಿಬಿ.

ಜಾಗ ನೋಡಿ ಆರಿಸಬೇಡಿ. ಐಫೋನ್ ಇದ್ದವರಿಗೆ ನನ್ನ ಮತ ಐಕ್ಲೌಡಿಗೆ. 2022ರ ಕೊನೆಯಲ್ಲಿ ಅಮೆರಿಕದಲ್ಲಿ, ಆಮೇಲೆ ಬೇರೆ ದೇಶಗಳಲ್ಲಿ ಬಂದ 'ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್' ಆನ್ ಮಾಡಿದರೆ ಫೋಟೊ, ಫೈಲು, ಫೋನಿನ ಬ್ಯಾಕಪ್ ಎಲ್ಲದರ ಕೀಲಿ ನಿಮ್ಮ ಸಾಧನಗಳಲ್ಲಷ್ಟೇ ಉಳಿಯುತ್ತದೆ. ಮೇಲ್, ಕಾಂಟ್ಯಾಕ್ಟ್, ಕ್ಯಾಲೆಂಡರ್ ಇದಕ್ಕೆ ಸೇರುವುದಿಲ್ಲ. ಇದು ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಮಾಡಬೇಕು. ಮೆಗಾ ಮತ್ತು ಪ್ರೋಟಾನ್ ಡ್ರೈವ್ ಎಂಬ ಕ್ಲೌಡ್ ಸೇವೆಗಳು ಮೊದಲಿನಿಂದಲೂ ಕೀಲಿಯನ್ನು ಬಳಕೆದಾರರಿಗೇ ಬಿಟ್ಟಿವೆ. ಇವೆಲ್ಲದರ ಬೆಲೆ ಒಂದೇ: ಪಾಸ್‌ವರ್ಡೂ ರಿಕವರಿ ಕೀಯೂ (ಪಾಸ್‌ವರ್ಡ್ ಮರೆತಾಗ ಬಳಸುವ ಬದಲಿ ಕೀಲಿ) ಎರಡೂ ಹೋದರೆ ಕಂಪನಿಯನ್ನು ಬೇಡಿಕೊಂಡರೂ ಫೈಲು ಬರುವುದಿಲ್ಲ.

ಆಂಡ್ರಾಯ್ಡ್ ಇದ್ದು ಗೂಗಲ್‌ಗೆ ಒಗ್ಗಿಹೋದ ಮನೆಯವರನ್ನು ಬೇರೆ ಕಡೆ ಎಳೆಯುವುದು ಕಷ್ಟ, ಅಗತ್ಯವೂ ಇಲ್ಲ. ಫೋಟೊಗಳು ಅಲ್ಲೇ ಇರಲಿ. ಗುಟ್ಟಿನ ಫೋಲ್ಡರನ್ನು ಮಾತ್ರ ಕ್ರಿಪ್ಟೊಮೇಟರ್ ಎಂಬ ತಂತ್ರಾಂಶದಲ್ಲಿ ಬೀಗ ಹಾಕಿ ಅದೇ ಗೂಗಲ್ ಡ್ರೈವಿಗೆ ಏರಿಸಿ. ಕಂಪ್ಯೂಟರಿನಲ್ಲಿ ಇದು ಉಚಿತ. ಫೈಲಿನ ಹೆಸರನ್ನೂ ಮರೆಮಾಡುತ್ತದೆ, ಗೂಗಲ್‌ಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳಷ್ಟೇ. ನನಗೆ ತಿಳಿದ ಮಟ್ಟಿಗೆ ಸಾಮಾನ್ಯ ಮನೆಗೆ ಇದಕ್ಕಿಂತ ಒಳ್ಳೆಯ ನಡುದಾರಿ ಇಲ್ಲ. ಒನ್‌ಡ್ರೈವಿನ ಪರ್ಸನಲ್ ವಾಲ್ಟ್ ಎಂಬ ಫೋಲ್ಡರ್ ಎರಡನೇ ಬಾರಿ ಗುರುತು ಕೇಳುತ್ತದೆ, ಒಳ್ಳೆಯದೇ. ಆದರೆ ಉಚಿತ ಖಾತೆಯಲ್ಲಿ ಅದಕ್ಕೆ 3 ಫೈಲು ಮಾತ್ರ ಹಿಡಿಸುತ್ತವೆ.

ಫೋಟೊ ಏರಿಸುವಾಗ ಗುಣಮಟ್ಟದ ಆಯ್ಕೆಯನ್ನೂ ನೋಡಿಕೊಳ್ಳಿ. ಗೂಗಲ್‌ನಲ್ಲಿ ಜಾಗ ಉಳಿಸುವ ಆಯ್ಕೆ ಇಟ್ಟರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಚಿತ್ರಗಳು ಕುಗ್ಗುತ್ತವೆ, ವಿಡಿಯೊ 1080ಪಿ ಗುಣಮಟ್ಟಕ್ಕೆ ಇಳಿಯುತ್ತದೆ. ಮದುವೆ ಆಲ್ಬಮ್ಮಿನ ಮೂಲ ಪ್ರತಿ ಅದೊಂದೇ ಆಗಿರಬಾರದು.

ಡಿಜಿಲಾಕರ್ ಮತ್ತು ಜೆರಾಕ್ಸ್ ಅಂಗಡಿ

ಸರ್ಕಾರಿ ದಾಖಲೆಗಳ ಮಟ್ಟಿಗೆ ಕ್ಲೌಡ್, ಡ್ರೈವ್ ಎರಡನ್ನೂ ಬಿಟ್ಟು ಮೊದಲು ನೋಡಬೇಕಾದದ್ದು 2015ರಲ್ಲಿ ಶುರುವಾದ ಡಿಜಿಲಾಕರ್. ಇಲಾಖೆಯಿಂದಲೇ ನೇರವಾಗಿ ಬಂದ ಡಿಎಲ್, ಆರ್‌ಸಿ, ಅಂಕಪಟ್ಟಿಗಳಿಗೆ ಮೂಲ ದಾಖಲೆಯ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಅಲ್ಲಿ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ, ಅದು ಬರೀ ಪ್ರತಿ. ಹಾಗಾಗಿ ಇಲಾಖೆಯಿಂದ ಸಿಗುವುದನ್ನು ಡಿಜಿಲಾಕರಿನಲ್ಲೇ ಬಿಡಿ, ಅವುಗಳ ಪಿಡಿಎಫ್ ಫೋನಿನಲ್ಲಿ, ಪೆನ್‌ಡ್ರೈವಿನಲ್ಲಿ ಅಲೆಯುವುದು ಬೇಡ. ಹಳೆಯ ಕ್ರಯಪತ್ರ, ಅಜ್ಜನ ಕಾಲದ ವಿಭಾಗಪತ್ರ, ಹಳೆಯ ಖಾತಾ ನಕಲು ಮುಂತಾದವು ಮಾತ್ರ ನೀವೇ ಜೋಪಾನ ಮಾಡಬೇಕಾದ ಫೈಲುಗಳು.

ಮನೆಯ ದಾಖಲೆಗಳು ಸೋರುವ ದೊಡ್ಡ ತೂತು ಬೀದಿಯ ಜೆರಾಕ್ಸ್ ಅಂಗಡಿ. ಪ್ರಿಂಟ್ ತೆಗೆಸಲು ವಾಟ್ಸ್ಆ್ಯಪಿನಲ್ಲಿ ಕಳಿಸುತ್ತೇವೆ, ಇಲ್ಲವೇ ಪೆನ್‌ಡ್ರೈವ್ ಚುಚ್ಚುತ್ತೇವೆ. ಪ್ರಿಂಟ್ ಕೈಗೆ ಬಂದ ಮೇಲೂ ಫೈಲು ಅಲ್ಲಿನ ಡೆಸ್ಕ್‌ಟಾಪಿನಲ್ಲಿ ಉಳಿಯುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇಂಥದ್ದೇ ಎಚ್ಚರಿಕೆ ಕೊಟ್ಟಿತ್ತು: ಆಧಾರ್ ಪ್ರತಿಯನ್ನು ಎಲ್ಲೆಂದರಲ್ಲಿ ಕೊಡಬೇಡಿ, ಸೈಬರ್ ಸೆಂಟರಿನಲ್ಲಿ ಇಳಿಸಬೇಡಿ, ಇಳಿಸಿದರೂ ಅಳಿಸಿ ಬನ್ನಿ ಎಂದು. ತಪ್ಪು ಅರ್ಥ ಬರಬಹುದೆಂದು ಎರಡು ದಿನದಲ್ಲಿ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆದರು. ಅದರಲ್ಲಿದ್ದ ಬುದ್ಧಿಮಾತು ಮಾತ್ರ ಇವತ್ತಿಗೂ ಸರಿಯೇ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ, ಸಾಧ್ಯವಾದಲ್ಲೆಲ್ಲ ಅದನ್ನೇ ಕೊಡಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ, ಅಷ್ಟೇ ಅದು. ನಿಮ್ಮನ್ನು ಬಲ್ಲ ಯಾರಿಗಾದರೂ ಅದು ಗೊತ್ತಿರುತ್ತದೆ.

ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಪೆನ್‌ಡ್ರೈವ್

ಪೆನ್‌ಡ್ರೈವಿನ ಮಾತು ಬೇಗ ಮುಗಿಸೋಣ. ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಸರಿ, ಕೂಡಿಡಲು ಬೇಡ.

ಸುತ್ತುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಕಡಿಮೆ ದುಡ್ಡಿಗೆ ಹೆಚ್ಚು ಜಾಗ ಸಿಗುತ್ತದೆ. ಬೀರುವಿನಲ್ಲಿಟ್ಟು ಆಗಾಗ ತೆಗೆದು ಬ್ಯಾಕಪ್ ಮಾಡಲು ಇದೇ ಸಾಕು. ಶತ್ರು ಎಂದರೆ ಪೆಟ್ಟು. ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಒಳಗಿನ ಮುಳ್ಳು ತಟ್ಟೆಗೆ ತಗುಲಿ ಕೆಡಬಹುದು. ಸುತ್ತುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಫೈಲು ಇಡುವ ಎಸ್‌ಎಸ್‌ಡಿ ಬಿದ್ದರೂ ತಡೆಯುತ್ತದೆ, ವೇಗವೂ ಹೆಚ್ಚು, ದಿನಾ ಬ್ಯಾಗಿನಲ್ಲಿ ಒಯ್ಯುವವರಿಗೆ ಒಳ್ಳೆಯದು. ಆದರೆ ಅದರಲ್ಲಿ ದತ್ತಾಂಶ ನಿಲ್ಲುವುದು ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಕರೆಂಟಿಲ್ಲದೆ ಪೆಟ್ಟಿಗೆಯಲ್ಲಿ ಬಿಟ್ಟರೆ ಅದು ಸೋರಿಹೋಗಬಹುದು. ಜತೆಗೆ ಕೆಟ್ಟ ಹಾರ್ಡ್ ಡಿಸ್ಕಿನಿಂದ ಫೈಲು ತೆಗೆಯುವಷ್ಟು ಸುಲಭವಾಗಿ ಎಸ್‌ಎಸ್‌ಡಿಯಿಂದ ತೆಗೆಯಲಾಗುವುದಿಲ್ಲ. ಹೀಗಾಗಿ ಬೀರುವಿಗೆ ಹಾರ್ಡ್ ಡಿಸ್ಕ್, ಬ್ಯಾಗಿಗೆ ಎಸ್‌ಎಸ್‌ಡಿ ಎಂಬುದು ನನ್ನ ಸಲಹೆ. ಎರಡನ್ನೂ ಆರು ತಿಂಗಳಿಗೊಮ್ಮೆಯಾದರೂ ಚುಚ್ಚಿ ತೆರೆದು ನೋಡಿ.

ಮನೆಯಲ್ಲಿ ವಿಂಡೋಸ್, ಮ್ಯಾಕ್ ಎರಡೂ ಇದ್ದರೆ ಡ್ರೈವನ್ನು ಎಕ್ಸ್‌ಫ್ಯಾಟ್ ವಿಧದಲ್ಲಿ (ಫೈಲುಗಳನ್ನು ಡ್ರೈವಿನಲ್ಲಿ ಜೋಡಿಸಿಡುವ ಒಂದು ಕ್ರಮ) ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ.

ಬ್ಯಾಕಪ್ ಮುಗಿದ ತಕ್ಷಣ ಡ್ರೈವನ್ನು ಕಿತ್ತಿಡಿ. ಇದನ್ನು ಒತ್ತಿ ಹೇಳುತ್ತೇನೆ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಮಾದರಿಯ ಸುಲಿಗೆ ವೈರಸ್‌ಗಳು ಕಂಪ್ಯೂಟರಿಗೆ ಸಿಕ್ಕಿಸಿರುವ ಡ್ರೈವಿನ ಫೈಲುಗಳನ್ನೂ ಲಾಕ್ ಮಾಡಿ ದುಡ್ಡು ಕೇಳುತ್ತವೆ, ಸಿಂಕ್ ಆಗುವ ಕ್ಲೌಡ್ ಫೋಲ್ಡರನ್ನೂ ಬಿಡುವುದಿಲ್ಲ. ಕಿತ್ತು ಬೀರುವಿನಲ್ಲಿಟ್ಟ ಡ್ರೈವ್ ಅವುಗಳ ಕೈಗೆ ಸಿಗದು. ಇದೇ ಕಾರಣಕ್ಕೆ ಸದಾ ಇಂಟರ್ನೆಟ್ಟಿಗೆ ಅಂಟಿಕೊಂಡಿರುವ ಮನೆಯ ನೆಟ್‌ವರ್ಕ್ ಡ್ರೈವುಗಳನ್ನು ಹೊಸಬರಿಗೆ ನಾನು ಹೇಳುವುದಿಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಹಳೆಯ ಮೈ ಬುಕ್ ಲೈವ್ ಡ್ರೈವುಗಳನ್ನು ಯಾರೋ ದೂರದಿಂದಲೇ ಅಳಿಸಿಹಾಕಿದರು. 2015ರಿಂದ ಅವಕ್ಕೆ ತಂತ್ರಾಂಶದ ಅಪ್‌ಡೇಟ್ ನಿಂತುಹೋಗಿತ್ತು.

ಡ್ರೈವಿಗೆ ಬೀಗ

ಬೀಗವಿಲ್ಲದ ಡ್ರೈವ್ ಕಳೆದರೆ, ಸಿಕ್ಕವರು ಚುಚ್ಚಿದರೆ ಸಾಕು, ಎಲ್ಲ ಕಾಣುತ್ತದೆ. ಲ್ಯಾಪ್‌ಟಾಪಿನ ಲಾಗಿನ್ ಪಾಸ್‌ವರ್ಡ್ ಇದಕ್ಕೆ ಕಾವಲಲ್ಲ.

ವಿಂಡೋಸ್ ಪ್ರೊ ಇದ್ದರೆ ಅದರಲ್ಲೇ ಇರುವ ಬಿಟ್‌ಲಾಕರ್ ಎಂಬ ಬೀಗ ಸುಲಭ: ಡ್ರೈವಿನ ಮೇಲೆ ರೈಟ್ ಕ್ಲಿಕ್, ಪಾಸ್‌ವರ್ಡ್, 48 ಅಂಕಿಯ ರಿಕವರಿ ಕೀ. ಸಮಸ್ಯೆಯೆಂದರೆ ನಮ್ಮ ಮನೆಗಳ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಬರುವುದು ವಿಂಡೋಸ್ ಹೋಮ್. ಅದು ಇಂಥ ಡ್ರೈವನ್ನು ತೆರೆಯಬಲ್ಲದು, ಬೀಗ ಹಾಕಲಾರದು. ಮ್ಯಾಕ್ ಇದ್ದವರು ಡಿಸ್ಕ್ ಯುಟಿಲಿಟಿಯಲ್ಲೇ ಎನ್‌ಕ್ರಿಪ್ಟ್ ಮಾಡಬಹುದು, ಆದರೆ ಹಾಗೆ ಮಾಡಿದ ಡ್ರೈವ್ ವಿಂಡೋಸಿನಲ್ಲಿ ತೆರೆಯುವುದಿಲ್ಲ. ಎರಡೂ ಕಡೆ ನಡೆಯುವುದು ವೆರಾಕ್ರಿಪ್ಟ್ ಎಂಬ ತಂತ್ರಾಂಶ. ಉಚಿತ, ಮೂಲ ಕೋಡ್ ಬಹಿರಂಗ, ಲಿನಕ್ಸಿನಲ್ಲೂ ನಡೆಯುತ್ತದೆ. ಮೊದಲ ಸಲ ಬಳಸುವಾಗ ಸ್ವಲ್ಪ ತಾಳ್ಮೆ ಬೇಕು. ಇಡೀ ಡ್ರೈವಿಗೆ ಬೀಗ ಹಾಕುವ ಬದಲು ಅದರಲ್ಲಿ 20 ಜಿಬಿಯ ಒಂದು ಬೀಗದ ಪೆಟ್ಟಿಗೆ ಮಾಡಿ ಗುಟ್ಟಿನ ಫೈಲುಗಳನ್ನಷ್ಟೇ ಅದರಲ್ಲಿಡಿ. ಫೋಟೊಗಳು ಹೊರಗೇ ಇರಲಿ, ಮನೆಯ ಎಲ್ಲರೂ ನೋಡಲು ಆಗುತ್ತದೆ.

ಡ್ರೈವಿನ ಒಳಗೇ ಬೀಗ ಬರುವ ಮಾದರಿಗಳೂ ಇವೆ. ಅನುಕೂಲವೇನೋ ಹೌದು, ಆದರೆ 2018ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಹೆಸರಾಂತ ಎಸ್‌ಎಸ್‌ಡಿಗಳ ಒಳಬೀಗವನ್ನು ಪಾಸ್‌ವರ್ಡ್ ಇಲ್ಲದೆಯೇ ದಾಟಬಹುದೆಂದು ತೋರಿಸಿದರು. ಅದಾದ ಮೇಲೆ ಮೈಕ್ರೋಸಾಫ್ಟ್ ಕೂಡ ಬಿಟ್‌ಲಾಕರನ್ನು ಡ್ರೈವಿನ ಬೀಗದ ಮೇಲೆ ಬಿಡದೆ ತನ್ನದೇ ತಂತ್ರಾಂಶದಿಂದ ಬೀಗ ಹಾಕುವಂತೆ ಬದಲಿಸಿತು. ತಂತ್ರಾಂಶದ ಬೀಗವೇ ನನಗೆ ಹೆಚ್ಚು ನಂಬಿಕೆ.

ಹಳೆಯ ಡ್ರೈವ್ ಮಾರುವ ಮುನ್ನ, ಇ-ತ್ಯಾಜ್ಯಕ್ಕೆ ಕೊಡುವ ಮುನ್ನ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸಾಲದು, ಅದು ಫೈಲುಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ. ಬಳಸಲು ಶುರುಮಾಡಿದ ದಿನದಿಂದಲೇ ಇಡೀ ಡ್ರೈವಿಗೆ ಬೀಗ ಇದ್ದಿದ್ದರೆ ಈ ಚಿಂತೆಯೇ ಇಲ್ಲ.

ಕೀಲಿ ಯಾರ ಹತ್ತಿರ

ಬೀಗ ಗಟ್ಟಿಯಾದಷ್ಟೂ ಕೀಲಿ ಕಳೆದಾಗ ನಷ್ಟ ದೊಡ್ಡದು. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗಿರಬಹುದು. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಿಸಿದ ಮೇಲೆ 48 ಅಂಕಿ ಕೇಳಿ ನಿಲ್ಲುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಆದರೆ ಖಾತೆ ಯಾವುದು, ಅಂಗಡಿಯವರು ಕೊಡುವಾಗ ತೆರೆದದ್ದೇ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ರಿಪೇರಿಗೆ ಕೊಡುವ ಮುನ್ನವೇ ನೋಡಿ ಬರೆದಿಟ್ಟುಕೊಳ್ಳಿ.

ಕ್ಲೌಡ್ ಖಾತೆಗೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜತೆಗೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಇರಲೇಬೇಕು. ಎಸ್‌ಎಂಎಸ್ ಒಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ಕೀ (ಪಾಸ್‌ವರ್ಡಿನ ಬದಲು ಫೋನಿನ ಬೆರಳಚ್ಚು, ಮುಖ ಇಲ್ಲವೇ ಪಿನ್‌ನಿಂದ ಒಳಗೆ ಹೋಗುವ ವಿಧಾನ) ವಾಸಿ, ಏಕೆಂದರೆ ಸಿಮ್ ಅನ್ನು ಮೋಸದಿಂದ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರಿದ್ದಾರೆ. ಗೂಗಲ್ ಕೊಡುವ 10 ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜತೆ ಇಡಿ. ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸಬೇಡಿ. 2012ರಲ್ಲಿ ಡ್ರಾಪ್‌ಬಾಕ್ಸಿನಿಂದ 6.8 ಕೋಟಿಗೂ ಹೆಚ್ಚು ಖಾತೆಗಳ ವಿವರ ಹೋದದ್ದು ಅವರ ಉದ್ಯೋಗಿಯೊಬ್ಬರು ಬೇರೆಡೆಯೂ ಬಳಸಿದ್ದ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿದ್ದರಿಂದ.

ಇನ್ನೊಂದು ಮಾತು, ಹೇಳಲು ಮನಸ್ಸಾಗದಿದ್ದರೂ ಹೇಳಬೇಕಾದದ್ದು. ಕೀಲಿ ಒಬ್ಬರ ತಲೆಯಲ್ಲಷ್ಟೇ ಇದ್ದರೆ ಅವರಿಗೇನಾದರೂ ಆದ ದಿನ ಮನೆಯವರಿಗೆ ವಿಮೆ ಕಾಗದವೂ ಸಿಗದು. ಗೂಗಲ್‌ನ 'ಇನಾಕ್ಟಿವ್ ಅಕೌಂಟ್ ಮ್ಯಾನೇಜರ್'ನಲ್ಲಿ 3ರಿಂದ 18 ತಿಂಗಳ ಅವಧಿ ಕೊಟ್ಟು, ಅಷ್ಟು ಕಾಲ ಖಾತೆ ಸುಮ್ಮನಿದ್ದರೆ ಯಾರಿಗೆ ಫೈಲು ತಲುಪಬೇಕು ಎಂದು ಹೇಳಿಡಬಹುದು. ಆಪಲ್‌ನಲ್ಲಿ ಇದಕ್ಕೆ 'ಲೆಗಸಿ ಕಾಂಟ್ಯಾಕ್ಟ್' ಇದೆ. 2 ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು ಎಂಬ ನಿಯಮವೂ 2023ರ ಡಿಸೆಂಬರಿನಿಂದ ಇದೆ. ತೀರಿಹೋದ ತಂದೆತಾಯಿಯ ಫೋಟೊಗಳು ಅವರ ಖಾತೆಯಲ್ಲೇ ಇದ್ದರೆ ಬೇಗ ಇಳಿಸಿಕೊಳ್ಳಿ.

ಯಾರಿಗೆ ಯಾವುದು

ಮಾರತ್ತಹಳ್ಳಿಯ ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗೆ ಡ್ರೈವ್ ಮೊದಲ ಆಯ್ಕೆ ಆಗಬಾರದು. ಹಂಚಿಕೊಂಡ ಕೋಣೆಯಲ್ಲಿ ಅದನ್ನು ಕಾಯುವುದು ಕಷ್ಟ. ಉಚಿತ ಕ್ಲೌಡ್, ಎರಡು ಹಂತದ ಪರಿಶೀಲನೆ, ಗುಟ್ಟಿಗೆ ಕ್ರಿಪ್ಟೊಮೇಟರ್, ಸರ್ಕಾರಿ ದಾಖಲೆಗೆ ಡಿಜಿಲಾಕರ್. ಇಷ್ಟಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಕಂಪ್ಯೂಟರಿಗೆ ಒಂದು ಪ್ರತಿ ಹಾಕಿ ಬನ್ನಿ.

ಮಕ್ಕಳು, ಹಿರಿಯರು ಇರುವ ಮನೆಗೆ ಎರಡೂ ಬೇಕು. ಫೋಟೊಗ್ರಾಫರ್ ಪೀಟರ್ ಕ್ರೋಗ್ ಹೇಳಿ ಬಳಕೆಗೆ ಬಂದ 3-2-1 ಲೆಕ್ಕ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ. ಫೋನಿನಲ್ಲೊಂದು, ಬೀರುವಿನ ಮೇಲ್ಖಾನೆಯ ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡಿನಲ್ಲೊಂದು. ನೂರಾರು ಜಿಬಿ ವಿಡಿಯೊ ಇರುವವರು ಕ್ಲೌಡ್ ಚಂದಾ ಏರಿಸುವುದಕ್ಕಿಂತ ಎರಡು ಹಾರ್ಡ್ ಡಿಸ್ಕ್ ಕೊಂಡು, ಒಂದನ್ನು ಮೈಸೂರಿನಲ್ಲೋ ತುಮಕೂರಿನಲ್ಲೋ ಇರುವ ಅಣ್ಣನ ಮನೆಯಲ್ಲಿಟ್ಟು, ಹೋದಾಗಲೆಲ್ಲ ಅದಲುಬದಲು ಮಾಡುವುದು ಒಳ್ಳೆಯದು. ಕ್ಲೌಡ್ ಬೇಡವೇ ಬೇಡ ಎನ್ನುವವರಿಗೂ ಇದೇ ದಾರಿ, ಆಗ ಎರಡು ಡ್ರೈವಿಗೂ ಬೀಗ ಕಡ್ಡಾಯ.

ಹಾಕಿಟ್ಟ ಮೇಲೆ ಒಮ್ಮೆ ತೆಗೆದು ನೋಡಿ. ಬೇರೆ ಕಂಪ್ಯೂಟರಿನಲ್ಲಿ, ಬರೆದಿಟ್ಟ ಪಾಸ್‌ವರ್ಡಿನಿಂದಲೇ ಒಂದು ಫೋಟೊ, ಒಂದು ಪಿಡಿಎಫ್ ತೆರೆಯಬೇಕು. ತೆರೆಯದಿದ್ದರೆ ಅದು ಇನ್ನೂ ಬ್ಯಾಕಪ್ ಆಗಿಲ್ಲ ಎಂದೇ ಅರ್ಥ.

ಅಕಸ್ಮಾತ್ ಫೋನೋ ಡ್ರೈವೋ ಹೋದರೆ ಬೇರೆ ಸಾಧನದಿಂದ ಕ್ಲೌಡ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಹೋದ ಸಾಧನವನ್ನು ಖಾತೆಯಿಂದ ಸೈನ್ ಔಟ್ ಮಾಡಿ. ಡ್ರೈವಿನಲ್ಲಿ ಬೀಗವಿಲ್ಲದ ಆಧಾರ್ ಇದ್ದರೆ ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳೆದುಹೋದ ವಸ್ತುವಿಗೆ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಬಹುದು, ಕಳವಾಗಿದ್ದರೆ ಠಾಣೆಗೇ ಹೋಗಬೇಕು. ಖಾತೆಯಿಂದ ಹಣ ಹೋಗಿದ್ದು ಕಂಡರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ.